ಗಂಟು ಟೀಚರ್ ಓದಿದ ನಕ್ಷೆ

ಶಾಲೆಗೆ ಹೊಸದಾಗಿ ಬಂದವರು ‘ಗಂಟು ಟೀಚರ್’ ಎಂಬ ಹೆಸರು ಕೇಳಿದರೆ, ಸದಾ ಮುಖ ಗಂಟು ಹಾಕಿಕೊಂಡು ಓಡಾಡುವ ಹೆಂಗಸೇನೋ ಎಂದುಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ. ಅವಳು ನಕ್ಕರೆ ಪಕ್ಕದ ತರಗತಿಯ ಮಕ್ಕಳೂ ಪುಸ್ತಕದಿಂದ ತಲೆಯೆತ್ತಬೇಕು, ಅಂಥ ನಗು. ಹೆಸರು ಬಂದದ್ದು ಅವಳು ಲೆಕ್ಕ ಕಲಿಸುತ್ತಿದ್ದ ರೀತಿಯಿಂದ.

ಅವಳ ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಓದು ಬರಹ ಬಾರದು. ಟೇಪಿನ ಮೇಲಿನ ಅಂಕಿಗಳು ಅವಳ ಕಣ್ಣಿಗೆ ಇರುವೆ ಸಾಲು. ಯಾರಾದರೂ ಅಳತೆ ಕೊಡಲು ಬಂದರೆ ಒಂದು ದಾರ ತೆಗೆದು ಎದೆಗೊಂದು, ಸೊಂಟಕ್ಕೊಂದು, ತೋಳಿಗೊಂದು ಗಂಟು ಹಾಕಿ ಮೊಳೆಗೆ ತೂಗುಬಿಡುವಳು. ನೂರು ದಾರ ತೂಗುತ್ತಿದ್ದರೂ ಕಣ್ಣು ಮುಚ್ಚಿಕೊಂಡು, ಮುಟ್ಟಿ, ಇದು ಪೋಸ್ಟ್‌ಮ್ಯಾನಿನ ಹೆಂಡತಿಯದು, ಇದು ಕ್ಷೌರದವನದು ಎಂದು ಹೇಳುತ್ತಿದ್ದಳು. ಮಗಳಿಗೆ ಶಾಲೆಯ ಲೆಕ್ಕ ತಲೆಗೆ ಹತ್ತಲಿಲ್ಲ, ಆದರೆ ಅಮ್ಮನ ದಾರಗಳು ಹತ್ತಿದವು. ಹೋಂವರ್ಕಿನ ಲೆಕ್ಕಗಳನ್ನೆಲ್ಲ ಮಾಡಿಕೊಡುತ್ತಿದ್ದವನು ಅಣ್ಣ. ಅವನ ಅಂಕಿಗಳು ಮುತ್ತು ಪೋಣಿಸಿದ ಹಾಗೆ. ಅದೇ ಕೈಬರಹದ ದೆಸೆಯಿಂದ ಇಪ್ಪತ್ತೆರಡಕ್ಕೇ ಪುರಸಭೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ತಂಗಿ ಬಿದ್ದು ಎದ್ದು ಓದಿ ಟೀಚರಾದಳು. ಅದೂ ಲೆಕ್ಕದ ಟೀಚರು. ಮನೆಯವರೆಲ್ಲ ವಾರಗಟ್ಟಲೆ ನಕ್ಕರು.

ತಾನು ಅಂಕಿಗಳಿಗೆ ಹೆದರಿ ಅತ್ತದ್ದನ್ನು ಅವಳು ಮರೆತಿರಲಿಲ್ಲ. ಅದಕ್ಕೇ ಐದನೇ ತರಗತಿಯ ಮಕ್ಕಳಿಗೆ ವರ್ಷದ ಮೊದಲ ತಿಂಗಳು ನಮ್ಮ ಅಂಕಿಗಳನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮಾಯಾ ಜನರ ಹಾಗೆ ಚುಕ್ಕಿ ಇಟ್ಟರೆ ಒಂದು, ಅಡ್ಡಗೆರೆ ಎಳೆದರೆ ಐದು, ಚಿಪ್ಪು ಬರೆದರೆ ಸೊನ್ನೆ. ಎರಡು ನದಿಗಳ ನಡುವೆ ಬಾಳಿದ ಬ್ಯಾಬಿಲೋನಿನವರ ಹಾಗೆ ಹಸಿ ಜೇಡಿಮಣ್ಣಿನಲ್ಲಿ ಕಡ್ಡಿಯೊತ್ತಿ ಅರವತ್ತರವರೆಗೆ ಎಣಿಕೆ. ಕಡಲಾಚೆಯ ಒಂದು ಬೆಟ್ಟದ ಜನರ ಹಾಗೆ ಒಂದು ಕೈಯ ಹೆಬ್ಬೆರಳಿನಿಂದ ಹೊರಟು ಮೊಣಕೈ, ಭುಜ, ಕಿವಿ, ಕಣ್ಣು, ಮೂಗು ದಾಟಿ ಇನ್ನೊಂದು ಕೈಯ ಕಿರುಬೆರಳಿಗೆ ಇಳಿದರೆ ಇಪ್ಪತ್ತೇಳು. ಆ ಲೆಕ್ಕದಲ್ಲಿ ಮೂಗು ಎಂದರೆ ಹದಿನಾಲ್ಕು. “ಟೀಚರ್, ವಿಜ್ಞಾನದಲ್ಲಿ ನನಗೆ ಬರೀ ಮೂಗಿನಷ್ಟು ಮಾರ್ಕ್ಸು” ಎಂದು ಒಬ್ಬ ಗೋಳಾಡಿದರೆ, “ಇರಲಿ ಬಿಡು, ಮುಂದಿನ ಸಲ ಆಚೆ ಕಿವಿ ದಾಟು” ಎನ್ನುವಳು ಅವಳು.

ಎಲ್ಲಕ್ಕಿಂತ ಮಕ್ಕಳಿಗೆ ಇಷ್ಟವಾದದ್ದು ಇಂಕಾ ಜನರ ಗಂಟಿನ ಹಗ್ಗ. ಒಂದು ದಪ್ಪ ಹಗ್ಗ, ಅದರಿಂದ ಇಳಿಬಿದ್ದ ದಾರಗಳು, ದಾರಗಳಲ್ಲಿ ಗಂಟುಗಳು. ಮೇಲಿನ ಗಂಟು ಹತ್ತು, ಕೆಳಗಿನದು ಒಂದು. ಆ ವರ್ಷ ಅವಳು ಮಕ್ಕಳಿಗೆ ಒಂದು ಕೆಲಸ ಕೊಟ್ಟಳು. ಮನೆಯಲ್ಲಿ ಏನನ್ನಾದರೂ ಆರಿಸಿಕೊಂಡು ಅರವತ್ತು ದಿನ ಎಣಿಸಬೇಕು, ದಿನಕ್ಕೊಂದು ದಾರ ಕಟ್ಟಬೇಕು. ಬಾಯಲ್ಲಿ ಹೇಳುವ ಹಾಗಿಲ್ಲ, ಬರೆಯುವ ಹಾಗಿಲ್ಲ.

ಶಾಲೆಗೆ ಹೊಸ ಕಟ್ಟಡ ಬಂದು ಮೂರು ವರ್ಷವಾಗಿತ್ತು. ಊರಿನ ಹಳೆ ಗಣಿ ಮುಚ್ಚಿ ಎರಡು ತಲೆಮಾರಾದ ಮೇಲೆ, ಖಾಲಿ ಬಿದ್ದಿದ್ದ ಬಯಲಿನಲ್ಲಿ ಮನೆಗಳು ಎದ್ದಿದ್ದವು, ಬೀದಿಗಳಾಗಿದ್ದವು, ಶಾಲೆಯೂ ಅಲ್ಲಿಗೇ ಬಂದಿತ್ತು. ಕಟ್ಟಡ ಚೆನ್ನಾಗಿಯೇ ಇತ್ತು. ಆದರೆ ಐದನೇ ತರಗತಿಯ ಬಾಗಿಲು ಬೇಸಿಗೆಯಿಂದ ಸರಿಯಾಗಿ ಮುಚ್ಚುತ್ತಿರಲಿಲ್ಲ. ಜವಾನ ಎರಡು ಸಲ ಅಡಿ ಹೆರೆದ. ಮೂರನೆಯ ಸಲ ಬೈದುಕೊಂಡು ಹಾಗೇ ಬಿಟ್ಟ. ಮೇಜಿನ ಮೇಲಿಟ್ಟ ಸೀಮೆಸುಣ್ಣ ತಾನಾಗಿ ಉರುಳಿ ಕಿಟಕಿಯ ಕಡೆ ಬೀಳುತ್ತಿತ್ತು. ಯಾವಾಗಲೂ ಕಿಟಕಿಯ ಕಡೆಗೇ. ಮಕ್ಕಳು ಅದನ್ನೊಂದು ಆಟ ಮಾಡಿಕೊಂಡಿದ್ದರು.

ಅರವತ್ತು ದಿನ ಕಳೆದವು. ತರಗತಿಯ ಉದ್ದಕ್ಕೂ ತಂತಿ ಎಳೆದು ಮೂವತ್ತೊಂದು ಹಗ್ಗ ತೂಗುಹಾಕಿದರು. ಯಾರ ಹಗ್ಗದಲ್ಲಿ ಏನಿದೆ ಎಂದು ಉಳಿದವರು ಊಹಿಸಬೇಕು. ಒಬ್ಬಳು ತಾತನ ಸೀನುಗಳನ್ನು ಎಣಿಸಿದ್ದಳು. ಒಬ್ಬ ತನ್ನಮ್ಮ ದಿನಕ್ಕೆ ಎಷ್ಟು ಸಲ “ಆಮೇಲೆ ನೋಡೋಣ” ಅನ್ನುತ್ತಾಳೆ ಎಂದು ಎಣಿಸಿದ್ದ. ಭಾನುವಾರಗಳಂದು ಗಂಟು ಕಟ್ಟಲು ದಾರವೇ ಸಾಲದೆ ಬಂದಿತ್ತು. ತರಗತಿಯೆಲ್ಲ ನಕ್ಕು ಸುಸ್ತಾಯಿತು.

ಆಮೇಲೆ ಮೆಲ್ಲಿಯ ಹಗ್ಗ ಬಂತು. ಪಂಪ್ ಹೌಸಿನಲ್ಲಿ ಕೆಲಸ ಮಾಡುವವನ ಮಗಳು. ಮೆಲ್ಲಗೆ ಮಾತಾಡುತ್ತಾಳೆಂದು ಗೆಳತಿಯರು ಇಟ್ಟ ಹೆಸರು ಅದು. ಅವಳ ಮೊದಲ ದಾರದಲ್ಲಿ ಎರಡು ಗಂಟು. ಬಹಳ ದಿನ ಎರಡೇ. ಇಪ್ಪತ್ಮೂರನೆಯ ದಾರದಲ್ಲಿ ಐದು. ನಲವತ್ತೊಂದನೆಯದರಲ್ಲಿ ಒಂಬತ್ತು. ಐವತ್ತೆರಡನೆಯದರಲ್ಲಿ ಮೇಲೊಂದು ಹತ್ತರ ಗಂಟು, ಕೆಳಗೆ ನಾಲ್ಕು. ಯಾರಿಗೂ ಊಹಿಸಲಾಗಲಿಲ್ಲ.

“ಏನು ಪುಟ್ಟಿ ಇದು?”

“ಬೆಂಕಿಕಡ್ಡಿ, ಟೀಚರ್. ನಮ್ಮ ಹಿತ್ತಿಲ ಮೆಟ್ಟಿಲಿಗೂ ಗೋಡೆಗೂ ಮಧ್ಯೆ ಬಿರುಕಿದೆ. ಅದರಲ್ಲಿ ಪಕ್ಕಪಕ್ಕದಲ್ಲಿ ಎಷ್ಟು ಕಡ್ಡಿ ಹಿಡಿಸ್ತವೆ ಅಂತ.”

ಟೀಚರ್ ನಗಲು ಹೋಗಿ ನಿಲ್ಲಿಸಿದಳು. ಬೆರಳಿನಲ್ಲಿ ಇಪ್ಪತ್ಮೂರನೆಯ ದಾರ ಹಿಡಿದುಕೊಂಡೇ ತಂತಿಯ ಆಚೆ ತುದಿಗೆ ಕಣ್ಣು ಹಾಯಿಸಿದಳು. ಬ್ರೆಡ್ ಅಂಗಡಿಯವನ ಮಗನ ಹಗ್ಗ ಅಲ್ಲಿತ್ತು. ತಮ್ಮ ಮನೆಯ ಬಾವಿಯ ನೀರು ಮುಟ್ಟಲು ಎಷ್ಟು ಮೊಳ ಹಗ್ಗ ಬೇಕು ಎಂದು ಅವನು ಎಣಿಸಿದ್ದ. ಮಳೆಯಿಲ್ಲದ ಕಾಲ, ನೀರು ಇಳಿಯುವುದು ಸಹಜ. ಆದರೆ ಮೆಲ್ಲಗೆ ಇಳಿದಿರಲಿಲ್ಲ. ಇಪ್ಪತ್ಮೂರನೆಯ ದಿನ ಒಮ್ಮೆಗೇ ನಾಲ್ಕು ಮೊಳ. ನಲವತ್ತೊಂದನೆಯ ದಿನ ಆರು. ಅದರ ಪಕ್ಕದಲ್ಲಿ ಪೋಸ್ಟ್‌ಮ್ಯಾನ್ ಮೊಮ್ಮಗಳ ಹಗ್ಗ: ಕಪಾಟಿನ ಗಾಜಿನ ಲೋಟಗಳು ಯಾರೂ ಮುಟ್ಟದೆ ಕಿಣಿಕಿಣಿ ಅಂದ ಸಲಗಳು. ಎಷ್ಟೋ ದಾರಗಳು ಗಂಟೇ ಇಲ್ಲದೆ ಬರಿದಾಗಿದ್ದವು. ಇಪ್ಪತ್ಮೂರು, ನಲವತ್ತೊಂದು, ಐವತ್ತೆರಡು ತುಂಬಿದ್ದವು.

ಮೂರೂ ಮಕ್ಕಳು ಒಬ್ಬರ ಮನೆಗೊಬ್ಬರು ಹೋದವರಲ್ಲ. ಹಗ್ಗ ಯಾರಿಗೂ ತೋರಿಸಬಾರದೆಂಬ ನಿಯಮವನ್ನು ಅವಳೇ ಮಾಡಿದ್ದಳು. ಬೋರ್ಡಿನ ಮೇಲೆ ಮೂರು ಮನೆಗಳಿಗೆ ಮೂರು ಚುಕ್ಕಿ ಇಟ್ಟು ನೋಡಿದಳು. ಒಂದೇ ಗೆರೆಯಲ್ಲಿ ಬಂದವು. ನಾಲ್ಕನೆಯ ಚುಕ್ಕಿಯನ್ನು ಆ ಗೆರೆಯ ನಡುವೆ ಇಡಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಮಕ್ಕಳು ನೋಡುತ್ತಿದ್ದರು. ಆ ಜಾಗದಲ್ಲಿ ಇದ್ದದ್ದು ಶಾಲೆ.

ಹೆಡ್‌ಮಾಸ್ಟರು ಒಳ್ಳೆಯವರೇ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಹಗ್ಗಗಳನ್ನು ಮೇಜಿನ ಮೇಲೆ ಹರಡಿದಾಗ ಕನ್ನಡಕ ಏರಿಸಿ ನೋಡಿದರು.

“ಮೇಡಂ, ಹೊಸ ಕಟ್ಟಡ ಅಂದ್ಮೇಲೆ ಸ್ವಲ್ಪ ಕೂತ್ಕೊಳ್ಳುತ್ತೆ. ಪುರಸಭೆಯವರು ನಕ್ಷೆ ನೋಡೇ ಜಾಗ ಕೊಟ್ಟಿದ್ದು.”

“ನಕ್ಷೆ ಸರಿಯಿದೆಯಾ ಸಾರ್?”

“ನಿಮ್ಮಣ್ಣನೇ ಬರೆದಿದ್ದಲ್ವಾ? ಅವರನ್ನೇ ಕೇಳಿ.”

ಮರುದಿನ ಶಾಲೆಗೆ ರಜೆ. ಅವಳು ಅಣ್ಣನ ಕಚೇರಿಗೇ ಹೋದಳು. ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಸುರುಳಿಗಳು, ಅಂಟಿನ ವಾಸನೆ. ಐವತ್ತೈದು ದಾಟಿದ್ದರೂ ಅಣ್ಣನ ಕೈ ಇನ್ನೂ ನಡುಗುತ್ತಿರಲಿಲ್ಲ. ತಂಗಿ ಹೇಳಿದ್ದನ್ನು ಕೇಳಿ ನಕ್ಕ.

“ಮಕ್ಕಳು ಗಂಟು ಹಾಕಿದ್ರು, ನೀನು ಗಂಟುಮೂಟೆ ಕಟ್ಕೊಂಡು ಓಡಿ ಬಂದೆ. ಶಾಲೆ ಕೆಳಗೆ ಸುರಂಗ ಇರೋದು ನಿಜ. ಆದ್ರೆ ಹನ್ನೊಂದು ಮಾರು ಆಳದಲ್ಲಿದೆ. ಒಂದು ಮಾರು ಅಂದ್ರೆ ಎರಡೂ ತೋಳು ಚಾಚಿದಷ್ಟು. ಹನ್ನೊಂದು ಮಾರು ಬಂಡೆ ಮೇಲೆ ಆನೆ ಕುಣಿದ್ರೂ ಏನೂ ಆಗಲ್ಲ.”

ಹಳೆಯ ಗಣಿ ನಕ್ಷೆ ನೋಡಿ ತಾನು ಬರೆದಿದ್ದ, ಈಗಿನ ಬೀದಿಗಳನ್ನೂ ಸೇರಿಸಿದ್ದ ನಕ್ಷೆಯನ್ನು ಬಿಡಿಸಿ ತೋರಿಸಿದ. ಶಾಲೆಯ ಜಾಗದಲ್ಲಿ, ಮುತ್ತಿನಂಥ ಅಂಕಿಗಳಲ್ಲಿ, 11 ಎಂದಿತ್ತು. ಅವಳ ಕಣ್ಣು ಅಲ್ಲೇ ನಿಲ್ಲಲಿಲ್ಲ, ಸುತ್ತಲೂ ಅಲೆಯಿತು. ಮೆಲ್ಲಿಯ ಬೀದಿಯಲ್ಲಿ 11. ಬಾವಿಯ ಹತ್ತಿರ 111. ಪೋಸ್ಟ್‌ಮ್ಯಾನ್ ಮನೆಯ ಹಿಂದೆ 111. ಆಚೆ ಮತ್ತೆ 11. ಊರ ಹೊರಗೆ, ಗಣಿಯ ಬಾಯಿ ಇದ್ದ ಕಡೆ, 1. ಹಾಳೆಯ ತುದಿಯಿಂದ ತುದಿಗೆ ಬೆರಳಾಡಿಸಿದಳು.

“ಅಣ್ಣ, ಇದನ್ನ ಬರೆದವನಿಗೆ ಎರಡು, ಮೂರು ಬರ್ತಿರಲಿಲ್ವಾ?”

“ಅಂದ್ರೆ?”

“ಇಡೀ ಹಾಳೇಲಿ ಒಂದು ಬಿಟ್ರೆ ಬೇರೆ ಅಂಕಿನೇ ಇಲ್ಲ. ಇಪ್ಪತ್ತಿಲ್ಲ, ಮೂವತ್ತಿಲ್ಲ, ಹದಿನೈದಿಲ್ಲ. ಬರೀ ಹನ್ನೊಂದು, ನೂರಹನ್ನೊಂದು. ಹಳೇ ನಕ್ಷೆ ಇದೆಯಾ?”

ಅಣ್ಣ ಎದ್ದು, ಕಪಾಟಿನ ಕೆಳಗಿನಿಂದ ಒಂದು ತಗಡಿನ ಕೊಳವೆ ತೆಗೆದ. ಒಳಗಿದ್ದ ಹಾಳೆ ಕಂದುಗಟ್ಟಿ, ಮಡಿಕೆಗಳಲ್ಲಿ ಹರಿದು, ಮುಟ್ಟಿದರೆ ಪುಡಿಯಾಗುವಂತಿತ್ತು. ಹೊರಗಿನಿಂದ ಬಂದ ಗಣಿ ಕೆಲಸಗಾರರು ಬರೆದದ್ದು; ಅವರ ಭಾಷೆ ಊರಿನಲ್ಲಿ ಯಾರಿಗೂ ತಿಳಿಯದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಣ್ಣನಿಗೆ ಕೊಟ್ಟ ಕೆಲಸವೇ ಅದು, ಊರಿನ ಕೆಳಗಿನ ಸುರಂಗಗಳ ಇಂಥ ಹಾಳೆಗಳೆಲ್ಲವನ್ನೂ ಹಾಳಾಗುವ ಮೊದಲು ಹೊಸ ಹಾಳೆಗಳಿಗೆ ಇಳಿಸುವುದು.

ಅವಳು ಬಗ್ಗಿ ನೋಡಿದಳು. ಅಲ್ಲಿ ಅಂಕಿಗಳೇ ಇರಲಿಲ್ಲ. ನೆಟ್ಟಗಿನ ಗೆರೆಗಳಿದ್ದವು. ಒಂದು ಗೆರೆ, ಎರಡು ಗೆರೆ, ಮೂರು, ನಾಲ್ಕು. ಕೆಲವು ಕಡೆ ನಾಲ್ಕು ಗೆರೆಗಳ ಮೇಲೆ ಓರೆಯಾಗಿ ಒಂದು ಗೆರೆ, ಅಂಥ ಕಟ್ಟುಗಳು ಎರಡು ಮೂರು ಸಾಲಾಗಿ.

“ನಾಲ್ಕು ಗೆರೆ ಇರೋ ಕಡೆ ನೀನು ನೂರಹನ್ನೊಂದು ಬರೆದಿದ್ದೀಯ.”

“ಸಾವಿರದ ನೂರಹನ್ನೊಂದು ಮಾರು ಎಲ್ಲಿಂದ ಬರುತ್ತೆ? ಒಂದು ಗೆರೆ ತಪ್ಪಿ ಎಳೆದಿದ್ದಾನೆ ಅಂದ್ಕೊಂಡೆ.”

“ಈ ಓರೆ ಗೆರೆ ಇರೋವು?”

“ಹೊಡೆದು ಹಾಕಿದ್ದಾನೆ ಅಂದ್ಕೊಂಡೆ. ಬಿಟ್ಬಿಟ್ಟೆ.”

“ಹೊಡೆದು ಹಾಕಿದ್ದಲ್ಲ ಅಣ್ಣ. ಅದು ಐದು. ನಮ್ಮ ಮಕ್ಕಳೂ ಹಾಗೇ ಬರೀತಾರೆ.” ಅವಳು ಬೆರಳನ್ನು ಶಾಲೆಯ ಜಾಗಕ್ಕೆ ತಂದಳು. “ಆಳವಾಗಿರೋವನ್ನೆಲ್ಲ ನೀನು ಬಿಟ್ಟೆ. ಮೇಲಿರೋವನ್ನ ಮಾತ್ರ ಬರೆದೆ. ಶಾಲೆ ಕೆಳಗೆ ಹನ್ನೊಂದು ಮಾರಲ್ಲ. ಎರಡು.”

ಅಣ್ಣ ಹಳೆಯ ಹಾಳೆಯನ್ನೇ ನೋಡುತ್ತ ನಿಂತ. ಆಮೇಲೆ ಅವನು ಎರಡೂ ತೋಳುಗಳನ್ನು ಅಗಲಿಸಿ, ಅಳತೆ ನೋಡುವವನಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ನಿಧಾನವಾಗಿ ಇಳಿಸಿದ.

“ಎಂಟು ದಿನ ಟೈಮ್ ಕೊಡು” ಅಂದ. “ಹೇಗೆ ಹೇಳ್ಬೇಕು ಅಂತ ನೋಡ್ತೀನಿ.”

“ಎಂಟು ದಿನ ನೀನು ತಗೋ. ಮಕ್ಕಳನ್ನ ನಾನು ಒಳಗೆ ಕೂರಿಸಲ್ಲ.”

ಸೋಮವಾರ ಬೆಳಿಗ್ಗೆ ಅವಳು ತನ್ನ ತರಗತಿಯನ್ನು ಮೈದಾನ ದಾಟಿಸಿ, ರಸ್ತೆಯಾಚೆಯ ನೀರಿನ ಟ್ಯಾಂಕಿನ ನೆರಳಿಗೆ ಕರೆದೊಯ್ದಳು. ಹಳೆಯ ನಕ್ಷೆಯಲ್ಲಿ ಅಲ್ಲಿ ಯಾವ ಗೆರೆಯೂ ಇರಲಿಲ್ಲ. ನೆರಳಿನ ಉದ್ದ ಅಳೆದು ಅರವತ್ತರ ಲೆಕ್ಕದಲ್ಲಿ ಹೊತ್ತು ಹೇಳುವುದನ್ನು ಕಲಿಸಿದಳು. ಮಕ್ಕಳಿಗೆ ಹಬ್ಬವೋ ಹಬ್ಬ. ಹೆಡ್‌ಮಾಸ್ಟರು ಮೊದಲು ಜವಾನನನ್ನು ಕಳಿಸಿದರು, ಆಮೇಲೆ ತಾವೇ ಬಂದರು, ಮೂರನೆಯ ದಿನ ನೋಟಿಸು ಕಳಿಸಿದರು. ಅವಳು ಸಹಿ ಹಾಕಿ ಇಸಿದುಕೊಂಡಳು. ಅಣ್ಣನ ಹೆಸರು ಹೇಳಲಿಲ್ಲ. “ನೆಲ ಸರಿಯಿಲ್ಲ ಸಾರ್, ಎಲ್ಲರನ್ನೂ ಹೊರಗೆ ಕರ್ಕೊಂಡು ಬನ್ನಿ” ಎಂದಷ್ಟೇ ಹೇಳಿ ಹೇಳಿ ಗಂಟಲು ಕಟ್ಟಿತು. ಬಿಸಿಲಿಗೆ ಮಕ್ಕಳು ಕಪ್ಪಾಗುತ್ತಾರೆಂದು ಇಬ್ಬರು ತಾಯಂದಿರು ಜಗಳಕ್ಕೆ ಬಂದರು. ಉಳಿದ ಆರು ತರಗತಿಗಳು ಒಳಗೇ ಇದ್ದವು. ಅವರ ಮಗ್ಗಿ ಹೇಳುವ ದನಿ ರಸ್ತೆಯವರೆಗೆ ಕೇಳುತ್ತಿತ್ತು. ಅದು ಒಂದು ಕ್ಷಣ ನಿಂತರೂ ಅವಳು ತಿರುಗಿ ನೋಡುತ್ತಿದ್ದಳು.

ಐದನೆಯ ದಿನ ಪುರಸಭೆಯ ಜೀಪು ಬಂತು. ಇಂಜಿನಿಯರಮ್ಮ ಇಳಿದಳು, ಇಬ್ಬರು ಕೆಲಸಗಾರರು ಇಳಿದರು, ಕೊನೆಗೆ ತಗಡಿನ ಕೊಳವೆ ಹಿಡಿದು ಅಣ್ಣ ಇಳಿದ. ತಂಗಿಯ ಕಡೆ ನೋಡಲಿಲ್ಲ. ಶಾಲೆಯ ಮಕ್ಕಳನ್ನೆಲ್ಲ ಟ್ಯಾಂಕಿನ ಹತ್ತಿರ ಕಳಿಸಿದರು. ಐದನೇ ತರಗತಿಯ ನೆಲಕ್ಕೆ ಕೊರೆಯುವ ಯಂತ್ರ ಇಟ್ಟರು. ಟೀಚರ್ ಬಾಗಿಲ ಹೊರಗೆ ನಿಂತಿದ್ದಳು.

ಸಿಮೆಂಟು ಕೊರೆಯಿತು, ಜಲ್ಲಿ ಕೊರೆಯಿತು, ಮಣ್ಣು ಬಂತು. ಕೆಲಸಗಾರ ಎರಡನೆಯ ಕಂಬಿ ಜೋಡಿಸಿ ಮತ್ತೆ ಒತ್ತಿದ. ಬಂಡೆ ಸಿಕ್ಕಿತು, ಯಂತ್ರ ಅದುರಿತು. ಆಮೇಲೆ ಅದುರುವುದು ನಿಂತಿತು. ಕಂಬಿ ಅವನ ಕೈಯಿಂದ ಕಳಚಿ ಸರ್ರನೆ ಕೆಳಗೆ ಹೋಯಿತು. ಬಿದ್ದ ಸದ್ದಿಗಾಗಿ ಎಲ್ಲರೂ ಕಾದರು. ಸದ್ದು ಬರಲಿಲ್ಲ. ತೂತಿನಿಂದ ತಣ್ಣನೆಯ ಗಾಳಿ ಮೇಲೆ ಬಂದು, ತಂತಿಯ ಮೇಲೆ ತೂಗುತ್ತಿದ್ದ ದಾರಗಳು ಅಲುಗಿದವು.

“ಎಲ್ಲರೂ ಆಚೆ ನಡೀರಿ” ಅಂದಳು ಇಂಜಿನಿಯರಮ್ಮ. “ಓಡಬೇಡಿ. ಹಗುರಕ್ಕೆ ಹೆಜ್ಜೆ ಹಾಕಿ.”

ಶಾಲೆ ಮುಚ್ಚಿತು. ಸುತ್ತಲಿನ ಮೂರು ಬೀದಿಗಳನ್ನು ಖಾಲಿ ಮಾಡಿಸಿದರು. ಮೊದಲ ಎರಡು ವಾರ ಏನೂ ಆಗಲಿಲ್ಲ. ಗೋದಾಮುಗಳಲ್ಲಿ, ನೆಂಟರ ಮನೆಗಳಲ್ಲಿ ತುರುಕಿಕೊಂಡಿದ್ದ ಜನ ಗೊಣಗಲು ಶುರುಮಾಡಿದರು. ಹದಿನೇಳನೆಯ ದಿನ ನಡುಮಧ್ಯಾಹ್ನ, ಗಾಳಿಯೂ ಇಲ್ಲದ ಹೊತ್ತಿನಲ್ಲಿ, ಶಾಲೆಯ ಕಟ್ಟಡ ಕಿಟಕಿಯ ಕಡೆಗೆ ಮೊದಲು ಬಾಗಿತು. ಆಮೇಲೆ ಹಾಗೇ ಕುಳಿತಲ್ಲೇ ಇಳಿದು ಹೋಯಿತು. ಜತೆಗೆ ಮೆಲ್ಲಿಯ ಮನೆ, ಬಾವಿ, ಇನ್ನೂ ಹತ್ತು ಮನೆಗಳು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಮುಂದೆ ಒಂದು ಗಂಟೆ ಕಾಲ ಹೊಂಡದೊಳಗಿನಿಂದ ಕಲ್ಲು ಉರುಳುವ ಸದ್ದು ಬರುತ್ತಲೇ ಇತ್ತು.

ಜನ ಅವಳನ್ನು ಹೊಗಳಿದರೇ? ಕೆಲವರು ಹೊಗಳಿದರು. ಮೆಲ್ಲಿಯ ಅಪ್ಪ ಬಂದು ಕೈ ಮುಗಿದು ಹೋದ. ಆದರೆ ಮನೆ ಕಳೆದುಕೊಂಡವರ ದುಃಖಕ್ಕೆ ಯಾವುದಾದರೂ ಒಂದು ಮುಖ ಬೇಕಲ್ಲ. “ಅವಳ ಬಾಯಿಂದ ಬಂತು, ಹಾಗೇ ಆಯ್ತು” ಎಂಬ ಮಾತು ಕಿವಿಯಿಂದ ಕಿವಿಗೆ ಹೋಯಿತು. ಅಂಗಡಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಅವಳನ್ನು ಊರಿನ ಇನ್ನೊಂದು ಶಾಲೆಗೆ ಹಾಕಿದರು. ಅಲ್ಲಿಯ ತಾಯಂದಿರು ಮೊದಲ ದಿನವೇ, “ನಮ್ಮ ಮಕ್ಕಳ ಕೈಲಿ ಮನೇದೇನೂ ಎಣಿಸಬೇಡಿ ಟೀಚರ್” ಎಂದು ಕೇಳಿಕೊಂಡರು. ಅವಳು ಆಯಿತೆಂದಳು. ಅಲ್ಲಿ ಮಕ್ಕಳು ಹುಣಿಸೆ ಬೀಜ ಎಣಿಸಿದರು.

ಅಣ್ಣನ ಮೇಲೆ ವಿಚಾರಣೆ ನಡೆಯಿತು. ಆ ಒಂದು ಹಾಳೆ ಮಾತ್ರ ತಪ್ಪು, ಉಳಿದವು ಸರಿಯಿವೆ ಎಂದು ಅವನು ಬರೆದುಕೊಟ್ಟನಂತೆ. ಇಂಜಿನಿಯರಮ್ಮ ಉಳಿದ ಹಾಳೆಗಳನ್ನು ಕೇಳಿದಾಗ, ಪುಡಿಯಾಗಿ ಹೋದವು ಎಂದನಂತೆ. ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದರು. ಈ ಸುದ್ದಿ ಕೇಳಿದ ದಿನದಿಂದ ಅವಳಿಗೆ ಒಂದೇ ಯೋಚನೆ. ಒಂದೇ ಕೈ ಬರೆದ ಹಾಳೆಗಳು, ಒಂದೇ ಕಣ್ಣು ಓದಿದ ಗೆರೆಗಳು. ಒಂದರಲ್ಲಿ ಮಾತ್ರ ತಪ್ಪುವುದು ಹೇಗೆ? ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ಬಿದ್ದವನನ್ನು ಮತ್ತೆ ತುಳಿದ ಹಾಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ, ಉತ್ತರ ಏನಿರಬಹುದೆಂಬ ಭಯ. ಹೀಗೆ ಎರಡು ತಿಂಗಳು ಕಳೆದವು. ಆ ಎರಡು ತಿಂಗಳು ಅವಳು ಯಾವ ಬೀದಿಯಲ್ಲಿ ನಡೆದರೂ ಹೆಜ್ಜೆಯ ಸದ್ದಿಗೆ ಕಿವಿಗೊಡುತ್ತಿದ್ದಳು.

ಒಂದು ಶನಿವಾರ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅಣ್ಣ ಜಗಲಿಯ ಮೇಲೆ ಕೂತಿದ್ದ. ಗಡ್ಡ ಬಂದಿತ್ತು. ಮಗ್ಗುಲಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಏಳೆಂಟು ತಗಡಿನ ಕೊಳವೆಗಳು.

“ಪುಡಿಯಾಗಿರಲಿಲ್ಲ” ಅಂದ. “ಮನೆಗೆ ತಂದಿಟ್ಕೊಂಡಿದ್ದೆ. ನಲವತ್ತು ಹಾಳೆ. ಸುಟ್ಟು ಹಾಕೋಣ ಅಂತ ಎಷ್ಟೋ ಸಲ ಬಚ್ಚಲ ಒಲೆ ಮುಂದೆ ಕೂತೆ. ಕೈ ಬರಲಿಲ್ಲ.”

ಅವಳು ಬೈಯಲಿಲ್ಲ. ಒಳಗೆ ಕರೆದು ನೀರು ಕೊಟ್ಟಳು. ನೆಲದ ಮೇಲಿನ ಸಾಮಾನೆಲ್ಲ ಬದಿಗೆ ಸರಿಸಿ ಮೊದಲ ಹಾಳೆ ಹರಡಿದಳು. ಹಾಳೆಯ ಮೇಲೆ ಈಗಿನ ಜಾಗಗಳ ಹೆಸರುಗಳನ್ನು ಅಣ್ಣ ಪೆನ್ಸಿಲಿನಲ್ಲಿ ಗುರುತಿಸಿದ್ದ. ಅವಳು ಗೆರೆ ಓದುವುದು, ಅವನು ಬರೆದುಕೊಳ್ಳುವುದು ಎಂದಾಯಿತು. “ಮಾರ್ಕೆಟ್ ಹಿಂದೆ ಎರಡು ಕಟ್ಟು, ಮೇಲೆ ಮೂರು. ಹದಿಮೂರು. ಸದ್ಯ. ಬಸ್ ನಿಲ್ದಾಣ, ನಾಲ್ಕು.” ಅಣ್ಣನ ಪೆನ್ನು ನಿಂತಿತು. “ಬರಿ” ಅಂದಳು ಅವಳು. “ಆಸ್ಪತ್ರೆ, ಐದು ಕಟ್ಟು. ಇಪ್ಪತ್ತೈದು. ಹಾಲಿನ ಡಿಪೋ, ಎರಡು.”

ಆರನೆಯ ಹಾಳೆಗೆ ಕೈ ಹಾಕಿದಾಗ ಅವನು ತಡೆದ. ಬೇರೆ ಕೊಳವೆಯಿಂದ, ಒಂಟಿಯಾಗಿ ಇಟ್ಟಿದ್ದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ. ಒಂದು ಮೂಲೆಯನ್ನು ಬೆರಳಿನಿಂದ ತೋರಿಸಿದ. ಎಷ್ಟು ಸಲ ಬೆರಳಿಟ್ಟು ನೋಡಿಕೊಂಡಿದ್ದನೋ, ಆ ಜಾಗ ಜಿಡ್ಡುಗಟ್ಟಿ ಹೊಳೆಯುತ್ತಿತ್ತು.

“ಇದನ್ನ ಸರಿಯಾಗಿ ಓದು. ನಾನು ಓದಿದ್ದು ತಪ್ಪಿರಬಹುದು.”

ಅವಳು ಹಾಳೆಯನ್ನು ಬೆಳಕಿಗೆ ತಿರುಗಿಸಿದಳು. ಮಸುಕಾಗಿದ್ದರೂ ಸ್ಪಷ್ಟವಾಗಿತ್ತು. ಓರೆ ಗೆರೆಯೇನೂ ಇರಲಿಲ್ಲ.

“ಮೂರು” ಅಂದಳು. “ಯಾರ ಮನೆ ಇದೆ ಅಲ್ಲಿ?”

“ನಂದು.”

ಅವಳು ತಲೆ ಎತ್ತಿದಳು.

“ಹದಿನೈದು ದಿನದಿಂದ ಅಡುಗೆಮನೆ ಲೋಟಗಳು ಸದ್ದು ಮಾಡ್ತಿವೆ” ಅಂದ ಅಣ್ಣ. “ನಿಮ್ಮತ್ತಿಗೆಗೆ ಇಲಿ ಅಂತ ಹೇಳಿದೀನಿ.”

“ಎದ್ದೇಳು” ಅಂದಳು ತಂಗಿ. “ಅತ್ತಿಗೇನ, ಮಕ್ಕಳನ್ನ ಈಗಲೇ ಇಲ್ಲಿಗೆ ಕರ್ಕೊಂಡು ಬಾ. ಅಕ್ಕಪಕ್ಕದವರ ಬಾಗಿಲೂ ತಟ್ಟು. ಸಾಮಾನು ಮುಟ್ಟಬೇಡ. ಏನು ಅಂತ ಕೇಳಿದ್ರೆ ನಿಜಾನೇ ಹೇಳು.”

ಅವನು ಚಪ್ಪಲಿಯನ್ನೂ ಮೆಟ್ಟದೆ ಹೊರಟ. ಅವಳು ಇಂಜಿನಿಯರಮ್ಮನಿಗೆ ಫೋನ್ ಮಾಡಿ, ಓದಿದ್ದಷ್ಟನ್ನೂ ಒಂದೊಂದಾಗಿ ಹೇಳಿದಳು. ಆ ಕಡೆಯಿಂದ, “ಮುಂದೆ ಓದ್ತಾ ಇರಿ, ನಾನು ಬಂದೆ” ಎಂದು ಬಂತು. ಅವಳು ಬಾಗಿಲು ತೆರೆದೇ ಇಟ್ಟು, ಅಣ್ಣ ಬಿಟ್ಟುಹೋದ ಪೆನ್ನು ಕೈಗೆತ್ತಿಕೊಂಡು, ಏಳನೆಯ ಹಾಳೆ ಬಿಡಿಸಿದಳು. ಇನ್ನೂ ಮೂವತ್ನಾಲ್ಕು ಇದ್ದವು.